ಮಿಕ್ಸರ್ ನಿಂತಿತೇ? ಮೊದಲು ಜಾರ್ ನೋಡಿ, ಮೋಟಾರ್ ಆಮೇಲೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮಿಕ್ಸರ್ ಕೆಡುವುದು ಹೆಚ್ಚಾಗಿ ಹಬ್ಬದ ಹಿಂದಿನ ದಿನ. ಇದರಲ್ಲಿ ಗ್ರಹಚಾರದ ಮಾತೇನೂ ಇಲ್ಲ. ಪಂಚಮಿ ಉಂಡಿಗೆ ಹುರಿದ ಶೇಂಗಾ, ಎಳ್ಳಮಾವಾಸ್ಯೆಗೆ ಗುರೆಳ್ಳು ಮತ್ತು ಅಗಸಿಯ ಚಟ್ನಿಪುಡಿ, ಹೋಳಿಗೆಗೆ ಹೂರಣ, ಮೇಲಿಂದ ಬ್ಯಾಡಗಿ ಮೆಣಸಿನಕಾಯಿಯ ಖಾರ. ದಿನಕ್ಕೆ ಒಂದು ಹಿಡಿ ಕಾಯಿ ಅರೆದುಕೊಂಡು ಆರಾಮವಾಗಿದ್ದ ಯಂತ್ರದ ಮೇಲೆ ಒಂದೇ ಮುಂಜಾನೆ ಇಷ್ಟೂ ಬೀಳುತ್ತದೆ. ಅದು ನಿಲ್ಲುತ್ತದೆ. ರಿಪೇರಿ ಅಂಗಡಿಗೆ ಒಯ್ದರೆ, "ಅಕ್ಕಾವರೇ, ಮೋಟಾರ್ ಸುಟ್ಟಿದೆ, ಹೊಸದನ್ನೇ ತೆಗೆದುಕೊಳ್ಳಿ" ಎಂಬ ತೀರ್ಪು ತಳ ಬಿಚ್ಚುವ ಮೊದಲೇ ಬರುವುದೂ ಉಂಟು.

ಆ ತೀರ್ಪನ್ನು ಕೂಡಲೇ ಒಪ್ಪಬೇಡಿ. ಮೋಟಾರ್ ಸುಡುವುದಿಲ್ಲ ಎಂದಲ್ಲ. ಆದರೆ ಅದಕ್ಕಿಂತ ಮೊದಲು ಕೈಕೊಡುವ ಭಾಗಗಳು ಹಲವಿವೆ: ಜಾರಿನ ಬುಶ್ (ಬ್ಲೇಡ್‌ನ ಕಡ್ಡಿ ಕೂತು ತಿರುಗುವ ಲೋಹದ ಕೊಳವೆ), ರಬ್ಬರ್ ವಾಷರ್, ಕಪ್ಲರ್ (ಮೋಟಾರಿನ ತಿರುವನ್ನು ಜಾರಿಗೆ ದಾಟಿಸುವ ಹಲ್ಲಿನ ಭಾಗ), ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಪ್ಪು ತುಂಡು), ಸ್ವಿಚ್, ವೈರ್. ಇವು ಸವೆಯುವ ಭಾಗಗಳು, ಬದಲಿಸಲು ಬರುವ ಭಾಗಗಳು, ಬೆಲೆಯೂ ಕಡಿಮೆ. ಹೊರಗಿನಿಂದ ಒಳಕ್ಕೆ ಹೋಗುತ್ತ ಒಂದೊಂದನ್ನೇ ಪರೀಕ್ಷಿಸಿದರೆ ಮೋಟಾರಿನ ಸರದಿ ಬರುವ ಮೊದಲೇ ಕೆಲಸ ಮುಗಿಯುವ ಸಾಧ್ಯತೆ ದೊಡ್ಡದು. ಕೆಳಗಿರುವುದೆಲ್ಲ ಮನೆಗಳಲ್ಲಿ ಸಾಮಾನ್ಯವಾಗಿರುವ 500ರಿಂದ 750 ವ್ಯಾಟ್‌ನ ಮಿಕ್ಸರ್‌ಗೆ ಅನ್ವಯಿಸುತ್ತದೆ.

ಬಿಚ್ಚುವ ಮುನ್ನ

ವಾರಂಟಿ ಇನ್ನೂ ಇದ್ದರೆ ತಳದ ಸ್ಕ್ರೂ ಮುಟ್ಟಬೇಡಿ. ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ಯಿರಿ. ನೀವು ಬಿಚ್ಚಿದ ಗುರುತು ಕಂಡರೆ ಉಚಿತ ರಿಪೇರಿಯ ಮಾತು ಅಲ್ಲಿಗೇ ಮುಗಿಯುತ್ತದೆ.

ಪ್ಲಗ್ ಗೋಡೆಯಿಂದ ಹೊರಗಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ ಅನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿರುವುದುಂಟು. ಹಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಯಂತ್ರದೊಳಗೆ 230 ವೋಲ್ಟ್ ಕಾದು ಕೂತಿರುತ್ತದೆ. ಕಿತ್ತ ಪ್ಲಗ್ಗನ್ನು ನಿಮ್ಮ ಕಣ್ಣಿಗೆ ಕಾಣುವಂತೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳಿ. ತುಂಬಿದ ಮನೆಯಲ್ಲಿ "ಪ್ಲಗ್ ಬಿದ್ದಿದೆ" ಎಂದು ಎತ್ತಿ ಹಾಕುವ ಸಹಾಯಕರಿಗೆ ಕೊರತೆಯಿಲ್ಲ. ಕೆಲವು ಯಂತ್ರಗಳಲ್ಲಿ ಸಣ್ಣ ಕೆಪಾಸಿಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಸ್ವಲ್ಪ ಹೊತ್ತು ಉಳಿದಿರಬಹುದು. ಆದ್ದರಿಂದ ಕಿತ್ತ ಕೂಡಲೇ ಪ್ಲಗ್‌ನ ಪಿನ್‌ಗಳನ್ನು ಬೆರಳಿನಿಂದ ಮುಟ್ಟಬೇಡಿ.

ಸಾಮಾನು ಹೆಚ್ಚು ಬೇಡ. ಸ್ಟಾರ್ ಸ್ಕ್ರೂಡ್ರೈವರ್, ಚಪ್ಪಟೆ ಸ್ಕ್ರೂಡ್ರೈವರ್, ಪಕ್ಕಡ, ಹಳೆಯ ಟೂತ್ ಬ್ರಶ್, ಜೀರೋ ನಂಬರಿನ ಪಾಲಿಶ್ ಪೇಪರ್, ಹೊಲಿಗೆ ಯಂತ್ರದ ಎಣ್ಣೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಊಹೆಯ ಕೆಲಸ ಅರ್ಧ ಕಡಿಮೆಯಾಗುತ್ತದೆ. ಮೊಬೈಲ್ ಕೂಡ ಇಲ್ಲಿ ಒಂದು ಹತ್ಯಾರವೇ: ಪ್ರತಿ ಭಾಗ ಬಿಚ್ಚುವ ಮುನ್ನ ಒಂದು ಫೋಟೋ ತೆಗೆಯಿರಿ. ಯಾವ ಬಣ್ಣದ ವೈರ್ ಎಲ್ಲಿತ್ತು ಎಂಬುದು ಬಿಚ್ಚುವಾಗ ಎಲ್ಲರಿಗೂ ನೆನಪಿರುತ್ತದೆ, ಕೂಡಿಸುವಾಗ ಯಾರಿಗೂ ಇರುವುದಿಲ್ಲ.

ಜಾರ್ ತೆಗೆದು ಒಂದು ಪರೀಕ್ಷೆ

ಎಲ್ಲಕ್ಕೂ ಮೊದಲು ಮಾಡಬೇಕಾದದ್ದು ಇದು. ಜಾರ್ ತೆಗೆದು ಪಕ್ಕಕ್ಕಿಡಿ. ಪ್ಲಗ್ ಹಾಕಿ, ಗುಂಡಿಯನ್ನು 1ಕ್ಕೆ ತಿರುಗಿಸಿ, ಎರಡು ಕ್ಷಣ ಓಡಿಸಿ ಆರಿಸಿ. ಜಾರ್ ಕೂತರೆ ಮಾತ್ರ ಓಡುವಂತೆ ಮಾಡಿರುವ ಮಾಡೆಲ್ ಆದರೆ ಬೇರೊಂದು ಖಾಲಿ ಜಾರ್ ಇಟ್ಟು ನೋಡಿ. ಖಾಲಿ ಓಡುವಾಗ ಈ ಮೋಟಾರ್ ನಿಮಿಷಕ್ಕೆ ಸುಮಾರು 18,000ದಿಂದ 20,000 ಸುತ್ತು ತಿರುಗುತ್ತದೆ. ಕೈ, ಸೆರಗು, ಕೂದಲು ದೂರವಿರಲಿ.

ಮೋಟಾರ್ ಸಲೀಸಾಗಿ ಓಡಿತೇ? ಹಾಗಾದರೆ ದೋಷ ಜಾರಿನಲ್ಲಿದೆ ಅಥವಾ ಕಪ್ಲರ್‌ನಲ್ಲಿದೆ. ಜಾರಿನದಾದರೆ ತಳ ಬಿಚ್ಚುವ ಅಗತ್ಯವೇ ಇಲ್ಲ. ಸದ್ದೇ ಇಲ್ಲದಿದ್ದರೆ ವಿದ್ಯುತ್ ಒಳಗೆ ತಲುಪುತ್ತಿಲ್ಲ ಅಥವಾ ಕಾರ್ಬನ್ ಮುಗಿದಿದೆ. ಓಡುತ್ತದೆ, ಆದರೆ ಸೊರಗಿದಂತೆ, ಕಿಡಿ ಕಾರುತ್ತ ಎಂದರೆ ಕಾರ್ಬನ್ ಮತ್ತು ಅದು ಉಜ್ಜುವ ತಾಮ್ರದ ಉಂಗುರ, ಅಂದರೆ ಕಮ್ಯುಟೇಟರ್ ಕಡೆ ನೋಡಬೇಕು. ಗುಂ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಆ ಕ್ಷಣವೇ ಆರಿಸಿ. ತಿರುಗದ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. "ಒಂದು ಸಲ ಜೋರಾಗಿ 3ಕ್ಕೆ ಹಾಕಿದರೆ ಬಿಟ್ಟುಕೊಳ್ಳಬಹುದು" ಎಂಬ ಧೈರ್ಯದಲ್ಲಿ ಒಳ್ಳೆಯ ಮೋಟಾರುಗಳನ್ನು ಸುಟ್ಟವರು ಬಹಳ ಜನ.

ಸದ್ದೇ ಇಲ್ಲದ ಯಂತ್ರ

ಮೊದಲು ಸಾಕೆಟ್ ಪರೀಕ್ಷಿಸಿ. ಇಲ್ಲಿ ಹಲವರು ಮೊಬೈಲ್ ಚಾರ್ಜರ್ ಹಾಕಿ, ಅದು ಚಾರ್ಜ್ ಆಗುತ್ತಿದೆ ಎಂದರೆ ಕರೆಂಟ್ ಸರಿ ಇದೆ ಎಂದುಕೊಳ್ಳುತ್ತಾರೆ. ಚಾರ್ಜರ್ 100 ವೋಲ್ಟ್‌ನಲ್ಲೂ ಕೆಲಸ ಮಾಡುತ್ತದೆ, ಅದರ ಸಾಕ್ಷಿ ಇಲ್ಲಿ ನಡೆಯುವುದಿಲ್ಲ. ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಅದು ಎಂದಿನಂತೆ ಬೇಗ ಕಾದರೆ ಸಾಕೆಟ್ ಸರಿ.

ಆಮೇಲೆ ಯಂತ್ರವನ್ನು ಮಗುಚಿ. ತಳದಲ್ಲಿ ಒಂದು ಸಣ್ಣ ಗುಂಡಿ, ಹೆಚ್ಚಾಗಿ ಕೆಂಪು ಬಣ್ಣದ್ದು, ಇರುತ್ತದೆ. ಅದು ಓವರ್‌ಲೋಡ್ ಸ್ವಿಚ್. ಭಾರ ಹೆಚ್ಚಾಗಿ ಕರೆಂಟ್ ಮಿತಿ ಮೀರಿದಾಗ ಅದರೊಳಗಿನ ಲೋಹದ ಪಟ್ಟಿ ಕಾದು ಬಾಗಿ ದಾರಿ ಕಡಿಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಗುಂಡಿಯನ್ನು ಟಕ್ ಎನ್ನುವ ತನಕ ಒತ್ತಿ. ಎಷ್ಟೋ "ಸುಟ್ಟ" ಮಿಕ್ಸರ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಜಾರ್ ಇಲ್ಲದೆ ಓಡಿಸಿದರೂ ಅದು ಮತ್ತೆ ಮತ್ತೆ ಜಿಗಿಯುತ್ತಿದ್ದರೆ ಒಳಗೆ ಬೇರೆ ರೋಗವಿದೆ. ಆ ಸ್ವಿಚ್ಚನ್ನೇ ಬಿಟ್ಟು ನೇರ ವೈರ್ ಕೂಡಿಸುವ ಬುದ್ಧಿವಂತಿಕೆ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಜಾರ್ ಅಥವಾ ಮುಚ್ಚಳ ಸರಿಯಾಗಿ ಕೂತರೆ ಮಾತ್ರ ಚಾಲೂ ಆಗುವ ಮಾಡೆಲ್‌ಗಳಲ್ಲಿ ಅದು ಕೂರುವ ಸಂದಿಯೊಳಗೆ ಒಣಗಿದ ಚಟ್ನಿ ಸಿಕ್ಕಿಕೊಂಡರೂ ಯಂತ್ರ ಮೂಕವಾಗುತ್ತದೆ. ಟೂತ್ ಬ್ರಶ್‌ನಿಂದ ಆ ಸಂದಿಗಳನ್ನು ತಿಕ್ಕಿ.

ಇನ್ನು ವೈರ್. ಅದು ತುಂಡಾಗುವುದು ಹೆಚ್ಚಾಗಿ ಎರಡೇ ಜಾಗದಲ್ಲಿ: ಪ್ಲಗ್‌ನ ಕುತ್ತಿಗೆಯಲ್ಲಿ, ಯಂತ್ರದೊಳಗೆ ನುಗ್ಗುವ ಬಾಯಲ್ಲಿ. ಕೆಲಸ ಮುಗಿದ ಮೇಲೆ ವೈರನ್ನು ಯಂತ್ರಕ್ಕೆ ಬಿಗಿಯಾಗಿ ಸುತ್ತಿಡುವ ಮನೆಗಳಲ್ಲಿ ಇದು ಬೇಗ. ಪ್ಲಗ್ ಹೊರಗಿಟ್ಟು, ಮೀಟರ್ ಅನ್ನು ಬೀಪ್ ಸದ್ದಿನ ಕಡೆಗೆ ಹಾಕಿ, ಒಂದು ಕಡ್ಡಿ ಪ್ಲಗ್ ಪಿನ್‌ಗೆ, ಇನ್ನೊಂದು ಅದೇ ತಂತಿ ಒಳಗೆ ಮುಟ್ಟುವ ಜಾಗಕ್ಕೆ ಹಿಡಿದು ವೈರ್ ಅನ್ನು ಆ ಎರಡು ಕಡೆ ಬಾಗಿಸಿ. ಸದ್ದು ಬಿಟ್ಟು ಬಿಟ್ಟು ಬಂದರೆ ಕಳ್ಳ ಸಿಕ್ಕಂತೆ. ಕರೆಂಟ್ ಹರಿಯುತ್ತಿರುವಾಗ ವೈರ್ ಅಲುಗಿಸಿ ನೋಡುವ ಅಭ್ಯಾಸ ಬಿಡಿ. ತುಂಡಾದ ವೈರನ್ನು ಟೇಪ್ ಸುತ್ತಿ ಓಡಿಸುವುದಕ್ಕಿಂತ ಪೂರ್ತಿ ಹೊಸದು ಹಾಕುವುದೇ ಸರಿ.

ಜಾರ್: ಸಿಕ್ಕಿಕೊಳ್ಳುವುದು, ಸೋರುವುದು

ಜಾರ್ ಮಗುಚಿ ಕೆಳಗಿನ ಕಪ್ಲರ್ ಅನ್ನು ಬೆರಳಿನಿಂದ ತಿರುಗಿಸಿ. ಸ್ವಲ್ಪ ಬಿಗಿಯಿದ್ದರೂ ಸಮನಾಗಿ ತಿರುಗಬೇಕು. ತಿರುಗದಿದ್ದರೆ ಬ್ಲೇಡ್‌ನ ಕಡ್ಡಿ ಬುಶ್ ಒಳಗೆ ಹಿಡಿದುಕೊಂಡಿದೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ದೊಡ್ಡ ಕಾರಣ ಕೆಂಪು ಖಾರ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಧಾರಾಳ ಉಪ್ಪು, ಲಿಂಬೆಹುಳಿ. ನಾಲಿಗೆಗೆ ಹಿತವಾದ ಈ ಕೂಟ ಲೋಹಕ್ಕೆ ವಿಷ. ಅರೆದು, ತೆಗೆದು, ಜಾರನ್ನು ರಾತ್ರಿಯಿಡೀ ಮೋರಿಯಲ್ಲಿ ಬಿಟ್ಟರೆ ಉಪ್ಪಿನ ನೀರು ಬುಶ್‌ಗೆ ಇಳಿದು ಬೆಳಗಾಗುವುದರೊಳಗೆ ತನ್ನ ಕೆಲಸ ಶುರುಮಾಡಿರುತ್ತದೆ.

ಬಿಡಿಸುವ ರೀತಿ ಹೀಗೆ. ಬ್ಲೇಡ್ ಮುಳುಗುವಷ್ಟು ಬಿಸಿನೀರು ಹಾಕಿ ಅರ್ಧ ಗಂಟೆ ಬಿಡಿ. ಕುದಿಯುವ ನೀರು ಬೇಡ, ರಬ್ಬರ್ ವಾಷರ್ ಹಾಳಾಗುತ್ತದೆ. ನೀರು ಚೆಲ್ಲಿ, ಜಾರ್ ಮಗುಚಿ, ಕಡ್ಡಿ ಬುಶ್‌ನೊಳಗೆ ಹೋಗುವ ಸಂದಿಗೆ ಒಂದು ಹನಿ ಅಡುಗೆ ಎಣ್ಣೆ ಬಿಡಿ. ಊಟದ ಪಾತ್ರೆಯಾದ್ದರಿಂದ ಇಲ್ಲಿ ಯಂತ್ರದ ಎಣ್ಣೆ ಬೇಡ. ಕಪ್ಲರ್ ಮೇಲೆ ಬಟ್ಟೆ ಸುತ್ತಿ ಪಕ್ಕಡದಿಂದ ಹಿಡಿದು ಅತ್ತ ಸ್ವಲ್ಪ, ಇತ್ತ ಸ್ವಲ್ಪ ಆಡಿಸಿ. ಹಟ ಹಿಡಿದು ಒಂದೇ ಕಡೆ ತಿರುಚಿದರೆ ಕಪ್ಲರ್‌ನ ಹಲ್ಲು ಮುರಿಯುತ್ತದೆ. ಬಿಡಿಸಿದ ಮೇಲೆ ನೀರು ಮತ್ತು ಒಂದು ಹನಿ ಪಾತ್ರೆ ಸೋಪು ಹಾಕಿ ಕೆಲವು ಕ್ಷಣ ಓಡಿಸಿ ಚೆಲ್ಲಿರಿ.

ಸೋರಿಕೆಯನ್ನು ಜನ ಸಹಿಸಿಕೊಳ್ಳುತ್ತಾರೆ. ಕೆಳಗೊಂದು ಬಟ್ಟೆ ಹಾಸಿ ತಿಂಗಳುಗಟ್ಟಲೆ ದೂಡುತ್ತಾರೆ. ನನ್ನ ಲೆಕ್ಕದಲ್ಲಿ ಮಿಕ್ಸರ್‌ನ ದೋಷಗಳಲ್ಲೆಲ್ಲ ಮುಂದೂಡಬಾರದ್ದು ಇದೇ. ಜಾರ್ ತಳದಿಂದ ಜಿನುಗಿದ ನೀರು ನೇರವಾಗಿ ಮೋಟಾರ್ ಕಪ್ಲರ್ ಮೇಲೆ ಬೀಳುತ್ತದೆ, ಅಲ್ಲಿಂದ ಮೋಟಾರಿನ ನಡುಗಂಬಿ, ಅಂದರೆ ಶಾಫ್ಟ್ ಹಿಡಿದು, ಅದು ಕೂತು ತಿರುಗುವ ಬೇರಿಂಗ್‌ಗೆ, ತಂತಿಸುರುಳಿಯಾದ ಕಾಯಿಲ್‌ಗೆ ಇಳಿಯುತ್ತದೆ. ಇಂದಿನ ವಾಷರ್ ಖರ್ಚು ತಪ್ಪಿಸಿದವರು ಮುಂದಿನ ವರ್ಷ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಖರ್ಚು ಕೊಡುತ್ತಾರೆ.

ಬ್ಲೇಡನ್ನು ಬಟ್ಟೆಯಲ್ಲಿ ಹಿಡಿದು ಅಡ್ಡಕ್ಕೆ ಅಲುಗಿಸಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಬುಶ್ ಸವೆದಿದೆ, ವಾಷರ್ ಬದಲಿಸಿದರೂ ಸೋರಿಕೆ ನಿಲ್ಲದು. ಬಿಳಿ ಕಾಯಿಚಟ್ನಿಯಲ್ಲಿ ಕಪ್ಪು ಗೆರೆ ಕಂಡರೂ ಅರ್ಥ ಅದೇ: ಸವೆದ ಲೋಹ ಮತ್ತು ಹಳೆಯ ಗ್ರೀಸ್ ಮೇಲೆ ಬರುತ್ತಿದೆ. ಆ ಚಟ್ನಿ ಚೆಲ್ಲಿ, ಜಾರ್ ಬಳಸುವುದನ್ನು ನಿಲ್ಲಿಸಿ. ಬುಶ್ ಮಾತ್ರ ಬದಲಿಸುವುದಕ್ಕಿಂತ ಬ್ಲೇಡ್, ಕಡ್ಡಿ, ಬುಶ್, ವಾಷರ್ ಸೇರಿದ ಸೆಟ್ ಹಾಕಿಸುವುದು ಬಾಳಿಕೆಗೆ ಒಳ್ಳೆಯದು. ಒತ್ತಿ ಕೂರಿಸಿದ ಬುಶ್ ಆದರೆ ಮನೆಯಲ್ಲಿ ಸುತ್ತಿಗೆಯಿಂದ ಹೊಡೆಯಬೇಡಿ, ಜಾರಿನ ತಳ ತಗ್ಗಾಗುತ್ತದೆ. "ಕುಕ್ಕರ್, ಮಿಕ್ಸರ್, ಗ್ಯಾಸ್ ಒಲೆ ರಿಪೇರಿ" ಎಂಬ ಬೋರ್ಡ್ ಇರುವ ಅಂಗಡಿ ನಮ್ಮ ಯಾವ ಪೇಟೆಯಲ್ಲಿ ಇಲ್ಲ? ಹುಬ್ಬಳ್ಳಿಯ ದುರ್ಗದ ಬೈಲ್ ಸುತ್ತಮುತ್ತ, ಗದಗ-ಬೆಟಗೇರಿಯಲ್ಲಿ, ಹಾವೇರಿಯಲ್ಲಿ ಜಾರನ್ನಷ್ಟೇ ಒಯ್ದು ಈ ಕೆಲಸ ಮಾಡಿಸಿಕೊಳ್ಳಬಹುದು. ಯಂತ್ರ ಹೊರುವ ಅಗತ್ಯವಿಲ್ಲ.

ಬ್ಲೇಡ್ ಹರಿತವಾಗಲು ಹರಳುಪ್ಪು ಹಾಕಿ ತಿರುಗಿಸಿ ಎಂಬ ಸಲಹೆ ಮನೆಮನೆಯಲ್ಲಿದೆ. ಉಪ್ಪು ಉಕ್ಕಿಗಿಂತ ಬಹಳ ಮೆದು, ಅದು ಉಕ್ಕನ್ನು ಮಸೆಯಲಾರದು. ಬ್ಲೇಡ್‌ಗೆ ಅಂಟಿದ ಜಿಡ್ಡು ಹೋಗುವುದರಿಂದ ಹರಿತವಾದಂತೆ ಅನ್ನಿಸುತ್ತದೆ, ಅಷ್ಟೇ. ಉಪ್ಪಿನ ಪುಡಿ ಬುಶ್‌ಗೆ ಇಳಿದು ಮಾಡುವ ಹಾನಿ ಮಾತ್ರ ನಿಜ.

ಕಪ್ಲರ್, ಮತ್ತು ತಿರುವಿನ ಒಂದೇ ನಿಯಮ

ಮೋಟಾರ್ ಓಡುವ ಸದ್ದು ಬರುತ್ತದೆ, ಬ್ಲೇಡ್ ಮಾತ್ರ ನಿಂತಲ್ಲೇ ನಿಂತಿದೆ, ಕಟಕಟ ಸದ್ದು ಬೇರೆ. ಇದು ಕಪ್ಲರ್‌ನ ಹಲ್ಲು ಸವೆದ ಲಕ್ಷಣ. ಪ್ಲಾಸ್ಟಿಕ್ ಅಥವಾ ರಬ್ಬರಿನ ಈ ಭಾಗ ಇಡೀ ಸಾಲಿನಲ್ಲಿ ಮೆದುವಾದದ್ದು. ಬ್ಲೇಡ್ ಸಿಕ್ಕಿಬಿದ್ದಾಗ ಮೋಟಾರಿನ ಬದಲು ತಾನು ಮುರಿದುಕೊಳ್ಳುತ್ತದೆ. ಅದಕ್ಕಾಗಿ ಅದನ್ನು ಬೈಯಬೇಡಿ.

ಬಿಚ್ಚುವಾಗ ಎಲ್ಲರೂ ಎಡವುವುದು ಯಾವ ಕಡೆ ತಿರುಗಿಸಬೇಕು ಎಂಬಲ್ಲಿ. ಕೆಲವು ಯಂತ್ರಗಳಲ್ಲಿ ಸೀದಾ ತಿರುಪು, ಕೆಲವದರಲ್ಲಿ ಉಲ್ಟಾ. ಮಾಡೆಲ್‌ವಾರು ನೆನಪಿಡುವ ಗೋಜು ಬೇಡ, ಒಂದೇ ನಿಯಮ ಸಾಕು. ಓಡುವಾಗ ಭಾರ ಬಿದ್ದಷ್ಟೂ ಬಿಗಿಯಾಗುವಂತೆಯೇ ಈ ತಿರುಪುಗಳನ್ನು ಮಾಡಿರುತ್ತಾರೆ. ಆದ್ದರಿಂದ ತಿರುಗಿಸುವ ಭಾಗವನ್ನು ಅಲುಗದಂತೆ ಹಿಡಿದು, ಅದರಿಂದ ತಿರುಗಿಸಿಕೊಳ್ಳುವ ಭಾಗವನ್ನು ಯಂತ್ರ ಓಡುವ ದಿಕ್ಕಿಗೇ ತಿರುಗಿಸಿದರೆ ಅದು ಸಡಿಲವಾಗುತ್ತದೆ.

ಮೋಟಾರ್ ಕಪ್ಲರ್‌ಗೆ ಇದರ ಅರ್ಥ: ಶಾಫ್ಟ್ ಹಿಡಿಯಿರಿ, ಕಪ್ಲರ್ ಅನ್ನು ಮೋಟಾರ್ ಓಡುವ ದಿಕ್ಕಿಗೆ ತಿರುಗಿಸಿ. ಜಾರಿನ ಕಪ್ಲರ್‌ಗೆ: ಕಪ್ಲರ್ ಅನ್ನು ಪಕ್ಕಡದಲ್ಲಿ ಹಿಡಿಯಿರಿ, ದಪ್ಪ ಬಟ್ಟೆಯಲ್ಲಿ ಬ್ಲೇಡ್ ಹಿಡಿದು ಅದು ಓಡುವ ದಿಕ್ಕಿಗೆ ತಿರುಗಿಸಿ. ಓಡುವ ದಿಕ್ಕು ತಿಳಿಯಲು ಖಾಲಿ ಯಂತ್ರವನ್ನು ಒಮ್ಮೆ ಚಾಲೂ ಮಾಡಿ ಆರಿಸಿ, ವೇಗ ಇಳಿಯುತ್ತ ನಿಲ್ಲುವಾಗ ನೋಡಿದರಾಯಿತು. ತಿರುಪಿನ ಬದಲು ಸಣ್ಣ ಸ್ಕ್ರೂ ಹಾಕಿ ಬಿಗಿದ ಕಪ್ಲರ್‌ಗಳೂ ಇವೆ. ಬಲ ಹಾಕುವ ಮೊದಲು ಬದಿಯಲ್ಲಿ ಸ್ಕ್ರೂ ಇದೆಯೇ ನೋಡಿಕೊಳ್ಳಿ.

ಶಾಫ್ಟ್ ಹಿಡಿಯಲು ತಳದ ಮುಚ್ಚಳ ಬಿಚ್ಚಬೇಕು. ಹಲವು ಯಂತ್ರಗಳಲ್ಲಿ ಶಾಫ್ಟ್‌ನ ಕೆಳತುದಿಗೆ ಸ್ಕ್ರೂಡ್ರೈವರ್ ಕೂರುವ ಸೀಳು ಇರುತ್ತದೆ, ಅದರಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಹಿಡಿದರೆ ಮುಗಿಯಿತು. ಸೀಳು ಇಲ್ಲದಿದ್ದರೆ ಶಾಫ್ಟನ್ನೇ ಪಕ್ಕಡದಲ್ಲಿ ಹಿಡಿಯಬೇಕು. ತಂಪಿನ ಫ್ಯಾನ್ ಹಿಡಿದರೆ ಅದರ ರೆಕ್ಕೆ ಮುರಿಯುತ್ತದೆ. ಹೊಸ ಕಪ್ಲರ್ ಕೊಳ್ಳಲು ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಹಲ್ಲಿನ ಸಂಖ್ಯೆ, ಎತ್ತರ, ಒಳಗಿನ ತಿರುಪು ಮೂರೂ ಕೂಡಬೇಕು. ಕಂಪನಿಯ ಹೆಸರು ಹೇಳಿದರೆ ಸಾಲದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳಿಗೆ ಬೇರೆ ಬೇರೆ ಕಪ್ಲರ್ ಇರುತ್ತದೆ. ಮೋಟಾರ್ ಕಡೆಯದು ಸವೆದಿದ್ದರೆ ಜಾರ್ ಕಡೆಯದನ್ನೂ ನೋಡಿ. ಹಳೆಯ ಹಲ್ಲು ಹೊಸ ಹಲ್ಲನ್ನು ಬೇಗ ತಿನ್ನುತ್ತದೆ.

ತಳ ಬಿಚ್ಚಿ: ಕಾರ್ಬನ್

ತಳ ಬಿಚ್ಚುವ ಧೈರ್ಯ ಮಾಡಿದರೆ ಹೆಚ್ಚಾಗಿ ಫಲ ಸಿಗುವುದು ಇಲ್ಲಿ. ಮೋಟಾರಿನ ತಿರುಗುವ ಭಾಗ ಆರ್ಮೇಚರ್. ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಉಂಗುರ, ಅದೇ ಕಮ್ಯುಟೇಟರ್. ಆ ಉಂಗುರವನ್ನು ಎರಡು ಬದಿಯಿಂದ ಸ್ಪ್ರಿಂಗ್ ಒತ್ತುವ ಎರಡು ಕಪ್ಪು ತುಂಡುಗಳು ಕಾರ್ಬನ್. ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವುದು ಅವುಗಳ ಕೆಲಸ, ಉಜ್ಜಿ ಉಜ್ಜಿ ಸವೆಯುವುದು ಅವುಗಳ ಸ್ವಭಾವ.

1. ಯಂತ್ರವನ್ನು ಹಾಸಿದ ಬಟ್ಟೆಯ ಮೇಲೆ ಮಗುಚಿ ತಳದ ಸ್ಕ್ರೂ ತೆಗೆಯಿರಿ. ಕೆಲವು ರಬ್ಬರ್ ಕಾಲುಗಳ ಒಳಗೆ ಅಡಗಿರುತ್ತವೆ. ಮುಚ್ಚಳ ಎಳೆಯುವಾಗ ಅದಕ್ಕೆ ಅಂಟಿದ ವೈರ್ ಇದೆಯೇ ಗಮನಿಸಿ.

2. ಒಳಗಿನ ಧೂಳನ್ನು ಒಣ ಬ್ರಶ್‌ನಿಂದ ಕೆಡವಿ. ಜಿರಲೆ ಸಂಸಾರ ಸಿಕ್ಕರೆ ಆಶ್ಚರ್ಯಪಡಬೇಡಿ. ಬೆಚ್ಚಗಿನ ಜಾಗ, ಮೇಲಿಂದ ಉದುರುವ ಶೇಂಗಾಪುಡಿ, ಅವಕ್ಕೆ ಇನ್ನೇನು ಬೇಕು? ಅವುಗಳ ಹಿಕ್ಕೆ ಸ್ವಿಚ್‌ನ ಮೈಮೇಲೆ ಕೂತು ಸಂಪರ್ಕ ಕೆಡಿಸುವುದು ಸಾಮಾನ್ಯ.

3. ಕಾರ್ಬನ್ ಮನೆಯ ಕ್ಲಿಪ್ ಅಥವಾ ಸ್ಕ್ರೂ ತೆಗೆದು ಕಾರ್ಬನ್ ಹೊರಗೆಳೆಯಿರಿ. ಯಾವ ಬದಿಯದು, ಯಾವ ಮುಖ ಮೇಲಿತ್ತು ಎಂಬ ಫೋಟೋ ಇರಲಿ. ಉಳಿದ ಉದ್ದ ಆರೇಳು ಮಿಲಿಮೀಟರಿಗಿಂತ ಕಡಿಮೆಯಿದ್ದರೆ, ಅಂಚು ಮುರಿದಿದ್ದರೆ, ಸ್ಪ್ರಿಂಗ್ ಸುಟ್ಟು ನೀಲಿಯಾಗಿದ್ದರೆ ಬದಲಿಸಿ. ಒಂದು ಮಾತ್ರ ಸವೆದಿದ್ದರೂ ಎರಡನ್ನೂ ಬದಲಿಸಬೇಕು.

4. ಕಮ್ಯುಟೇಟರ್ ನೋಡಿ. ಕಂದು ಬಣ್ಣದ ತೆಳು ಪೊರೆ ಸಹಜ, ಅದನ್ನು ಉಜ್ಜಿ ತೆಗೆಯುವ ಉತ್ಸಾಹ ಬೇಡ. ಕಪ್ಪು ಮಸಿ ಹತ್ತಿದ್ದರೆ ಜೀರೋ ಪೇಪರ್‌ನ ಸಣ್ಣ ಪಟ್ಟಿ ಇಟ್ಟು ಶಾಫ್ಟ್ ತಿರುಗಿಸುತ್ತ ಹಗುರವಾಗಿ ಒರೆಸಿ. ಕಬ್ಬಿಣ ತಿಕ್ಕುವ ಎಮರಿ ಪೇಪರ್ ಬಳಸಬಾರದು, ಅದರ ಪುಡಿ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡಬಹುದು. ಪಟ್ಟಿಗಳ ನಡುವಿನ ಗೆರೆಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಪುಡಿ ಊದಿ ತೆಗೆಯಿರಿ.

5. ಹೊಸ ಕಾರ್ಬನ್ ತನ್ನ ಮನೆಯೊಳಗೆ ಸಲೀಸಾಗಿ ಜಾರಬೇಕು. ಬಿಗಿಯಾಗಿದ್ದರೆ ಬದಿಗಳನ್ನು ಪೇಪರ್‌ನಲ್ಲಿ ಒಂದೆರಡು ಸಲ ಎಳೆಯಿರಿ, ಉಂಗುರ ಮುಟ್ಟುವ ಮುಖವನ್ನಲ್ಲ.

ಹೊಸ ಕಾರ್ಬನ್ ಹಾಕಿದ ಕೂಡಲೇ ಕಿಡಿ ಸ್ವಲ್ಪ ಹೆಚ್ಚಿರುತ್ತದೆ, ಏಕೆಂದರೆ ಅದರ ಮುಖ ಉಂಗುರದ ಬಾಗಿಗೆ ಇನ್ನೂ ಹೊಂದಿಲ್ಲ. ಕೂಡಿಸಿದ ಮೇಲೆ ಖಾಲಿ ಜಾರ್ ಇಟ್ಟು 1ರಲ್ಲಿ ಅರ್ಧ ನಿಮಿಷ ಓಡಿಸಿ, ಬಿಟ್ಟು, ಮತ್ತೆ ಓಡಿಸಿ. ನಾಲ್ಕಾರು ಸುತ್ತಿನಲ್ಲಿ ಕಿಡಿ ಇಳಿಯಬೇಕು. ಕಾರ್ಬನ್ ಕೆಳಗೆ ಚಿಕ್ಕ ನೀಲಿ ಕಿಡಿ ಯಾವಾಗಲೂ ಇದ್ದೇ ಇರುತ್ತದೆ, ಹೆದರಬೇಡಿ. ಉಂಗುರದ ಸುತ್ತ ಬೆಂಕಿಯ ಬಳೆ ತೊಡಿಸಿದಂತೆ ಕಂಡರೆ ಆರ್ಮೇಚರ್ ಒಳಗೆ ಶಾರ್ಟ್ ಆಗಿದೆ. ಕಾರ್ಬನ್ ಬದಲಿಸಿ ಅದನ್ನು ಗುಣಪಡಿಸಲಾಗದು.

ತಳ ತೆರೆದಿರುವಾಗಲೇ ಬೇರಿಂಗ್ ಕೂಡ ನೋಡಿ. ಶಾಫ್ಟ್ ಬೆರಳಿಗೆ ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ, ಕೀರಲು ಸದ್ದಿದ್ದರೆ, ಕಂಚಿನ ಬುಶ್ ಸುತ್ತಲಿನ ಉಣ್ಣೆಬಟ್ಟೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಎರಡೆಂದರೆ ಎರಡೇ. ಹೆಚ್ಚಾದದ್ದು ಕಮ್ಯುಟೇಟರ್‌ಗೆ ಹಾರಿ ಕಾರ್ಬನ್ ಪುಡಿಯೊಡನೆ ಕೆಸರಾಗುತ್ತದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಇಲ್ಲಿ ನಡೆಯುವುದಿಲ್ಲ, ಬಿಸಿಗೆ ಅಂಟಾಗುತ್ತವೆ.

ಮೀಟರ್ ಹೇಳುವುದು

ಮೀಟರ್ ಅನ್ನು ಓಮ್‌ಗೆ (ತಂತಿಯ ತಡೆ ಅಳೆಯುವ ಕಡೆಗೆ) ಹಾಕಿ ಪ್ಲಗ್‌ನ ಎರಡು ಮುಖ್ಯ ಪಿನ್‌ಗಳಿಗೆ ಹಿಡಿಯಿರಿ. ಗುಂಡಿ ಸೊನ್ನೆಯಲ್ಲಿದ್ದಾಗ ಏನೂ ತೋರಿಸಬಾರದು. 1, 2, 3 ಎಂದು ತಿರುಗಿಸುತ್ತ ಹೋದರೆ ಒಂದು ಚಿಕ್ಕ ಅಂಕಿ ಬಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ವೇಗ ಹೆಚ್ಚಿಸಿದಂತೆ ಫೀಲ್ಡ್ ಕಾಯಿಲ್‌ನ (ಮೋಟಾರಿನ ತಿರುಗದ ಭಾಗದ ತಂತಿಸುರುಳಿಯ) ಸುತ್ತುಗಳು ಕಡಿಮೆಯಾಗುವುದೇ ಇದಕ್ಕೆ ಕಾರಣ. ಒಂದು ವೇಗದಲ್ಲಿ ಮಾತ್ರ ಅಂಕಿ ಕಾಣೆಯಾದರೆ ಸ್ವಿಚ್‌ನ ಆ ಸಂಪರ್ಕ ಅಥವಾ ಕಾಯಿಲ್‌ನ ಆ ತುದಿ ಬಿಟ್ಟಿದೆ. ಸ್ವಿಚ್ ಬದಲಿಸುವುದು ವೈರ್‌ಗಳ ಫೋಟೋ ಇದ್ದವರಿಗೆ ಕಷ್ಟವಲ್ಲ.

ಎಲ್ಲ ವೇಗದಲ್ಲೂ ಅಂಕಿಯೇ ಇಲ್ಲದಿದ್ದರೆ ವೈರ್, ಓವರ್‌ಲೋಡ್ ಸ್ವಿಚ್, ಕಾರ್ಬನ್, ಕಾಯಿಲ್ ಒಂದೊಂದನ್ನೇ ಬೇರೆಯಾಗಿ ನೋಡಬೇಕು. ಅಂಕಿ ಬರುತ್ತಿರುವಾಗ ಶಾಫ್ಟನ್ನು ಕೈಯಿಂದ ನಿಧಾನ ತಿರುಗಿಸಿ: ಅಂಕಿ ಸ್ವಲ್ಪ ಕುಣಿದರೆ ಚಿಂತೆಯಿಲ್ಲ, ನಡುವೆ ಪೂರ್ತಿ ಮಾಯವಾದರೆ ಕಾರ್ಬನ್ ಅಥವಾ ಕಮ್ಯುಟೇಟರ್‌ನ ಒಂದು ಪಟ್ಟಿ ಸರಿಯಿಲ್ಲ. ಕೊನೆಗೆ ಮೀಟರ್ ಅನ್ನು ಅತಿ ಹೆಚ್ಚಿನ ಓಮ್‌ಗೆ ಹಾಕಿ, ಗುಂಡಿಯನ್ನು 1ರಲ್ಲಿಟ್ಟು, ಒಂದು ಕಡ್ಡಿ ಪ್ಲಗ್‌ನ ಮುಖ್ಯ ಪಿನ್‌ಗೆ, ಇನ್ನೊಂದು ಲೋಹದ ಶಾಫ್ಟ್‌ಗೆ. ಇಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಕರೆಂಟ್ ಮೈಗೆ ಸೋರುತ್ತಿದೆ.

ನೀರು ಹೊಕ್ಕ ಯಂತ್ರದಲ್ಲೂ ಹೀಗೆ ತೋರಿಸುವುದುಂಟು. ಬೇಸಿಗೆಯಾದರೆ ತಳ ತೆರೆದು ಬಿಸಿಲಿಗೆ ಇಟ್ಟರೆ ಒಂದೆರಡು ದಿನದಲ್ಲಿ ಒಣಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಅದನ್ನು ನಂಬಬೇಡಿ, ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಹಿಡಿಯಿರಿ. ಒಣಗಿದ ಮೇಲೂ ಮೀಟರ್ ಅಂಕಿ ತೋರಿಸಿದರೆ ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ.

ಕೈ ತೆಗೆಯಬೇಕಾದ ಜಾಗ

ಕಾಯಿಲ್ ಕಪ್ಪಾಗಿ ಸುಟ್ಟ ವಾರ್ನಿಶ್ ವಾಸನೆ ಬರುತ್ತಿದ್ದರೆ, ಕಮ್ಯುಟೇಟರ್‌ನ ಪಟ್ಟಿ ಎದ್ದಿದ್ದರೆ, ಮೈ ಮುಟ್ಟಿದಾಗ ಚುರುಕ್ ಎನ್ನುತ್ತಿದ್ದರೆ ಮನೆಯ ರಿಪೇರಿ ಮುಗಿಯಿತು. ಹೊಸ ಯಂತ್ರ ಮೊದಲ ಕೆಲವು ಸಲ ಬೀರುವ ವಾರ್ನಿಶ್ ವಾಸನೆ ಬೇರೆ, ಅದು ತಾನಾಗಿ ಹೋಗುತ್ತದೆ. ಚುರುಕ್ ಎನ್ನುವ ಯಂತ್ರವನ್ನು ರಬ್ಬರ್ ಚಪ್ಪಲಿ ಹಾಕಿಕೊಂಡು ಬಳಸುವವರಿದ್ದಾರೆ. ದಯವಿಟ್ಟು ಬೇಡ. ಮೂರು ಪಿನ್‌ನ ಪ್ಲಗ್ ಇದ್ದರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ದಾರಿ ಕಡಿಯುವ ಸ್ವಿಚ್) ಹಾಕಿಸುವುದು ಮಿಕ್ಸರ್‌ಗಷ್ಟೇ ಅಲ್ಲ, ಗೀಸರ್ ಇರುವ ಪ್ರತಿ ಮನೆಗೂ ಅಗತ್ಯ.

ಸುಟ್ಟ ಮೋಟಾರಿಗೆ ದಾರಿ ಎರಡು: ಹೊಸ ಆರ್ಮೇಚರ್ ಅಥವಾ ಫೀಲ್ಡ್ ಕಾಯಿಲ್ ಹಾಕಿಸುವುದು, ಇಲ್ಲವೇ ರಿವೈಂಡಿಂಗ್, ಅಂದರೆ ಸುಟ್ಟ ತಂತಿ ತೆಗೆದು ಹೊಸದು ಸುತ್ತಿಸುವುದು. ಗದಗ, ಹಾವೇರಿ ಕಡೆ ಪಂಪ್‌ಸೆಟ್ ಮೋಟಾರ್ ಸುತ್ತುವವರು ಸುಲಭವಾಗಿ ಸಿಗುತ್ತಾರೆ. ಆದರೆ ಪಂಪಿನ ದಪ್ಪ ತಂತಿ ಸುತ್ತುವ ಕೈಗೆ ಮಿಕ್ಸರ್ ಆರ್ಮೇಚರ್‌ನ ಎಳೆ ತಂತಿ ಒಗ್ಗಬೇಕೆಂದಿಲ್ಲ. ಇಷ್ಟು ವೇಗದಲ್ಲಿ ತಿರುಗುವ ಭಾಗದ ತೂಕ ಸ್ವಲ್ಪ ಅತ್ತಿತ್ತವಾದರೂ ಯಂತ್ರ ನಡುಗುತ್ತದೆ, ಬೇರಿಂಗ್ ಬೇಗ ತಿನ್ನುತ್ತದೆ. ಆದ್ದರಿಂದ ಆರ್ಮೇಚರ್ ಸುಟ್ಟಿದ್ದರೆ ನಾನು ಹೊಸದನ್ನೇ ಹಾಕಿಸುತ್ತೇನೆ, ಫೀಲ್ಡ್ ಕಾಯಿಲ್ ಮಾತ್ರ ಆದರೆ ರಿವೈಂಡಿಂಗ್‌ಗೆ ಕೊಡುತ್ತೇನೆ. ತಂತಿ ತಾಮ್ರದ್ದೇ, ಅಲ್ಯುಮಿನಿಯಂದೇ ಎಂದು ಮೊದಲೇ ಕೇಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೊಡಬೇಕೆಂದೂ ಮೊದಲೇ ಹೇಳಿ. ಖರ್ಚು ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ ಹೊಸದೇ ಲೇಸು, ಹಳೆಯ ಜಾರ್‌ಗಳು ಅದಕ್ಕೆ ಕೂಡುತ್ತವೆಯೇ ನೋಡಿಕೊಂಡು ಕೊಳ್ಳಿ.

ಕೂಡಿಸಿದ ಮೇಲೆ

ತಳ ಮುಚ್ಚುವಾಗ ಯಾವ ವೈರ್ ಕೂಡ ಫ್ಯಾನ್ ದಾರಿಯಲ್ಲಿ ಇರಬಾರದು, ಸ್ಕ್ರೂ ಕೆಳಗೆ ಸಿಕ್ಕಿರಬಾರದು. ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಸವರುವ ಸದ್ದಿಲ್ಲ ಎಂದು ಖಚಿತ ಮಾಡಿಕೊಂಡು ಆಮೇಲೆ ಪ್ಲಗ್ ಹಾಕಿ. ಮೊದಲು ಜಾರ್ ಇಲ್ಲದೆ, ಆಮೇಲೆ ಅರ್ಧ ಜಾರ್ ನೀರಿನೊಂದಿಗೆ, ಕೊನೆಗೆ ಒಂದು ಹಿಡಿ ಪುಟಾಣಿಯೊಂದಿಗೆ ಓಡಿಸಿ.

ಕೆಲಸ ಹಂಚುವ ರೀತಿಯನ್ನೂ ಬದಲಿಸಿ. ಯಂತ್ರದ ತಳದ ಚೀಟಿಯಲ್ಲಿ ಹೆಚ್ಚಾಗಿ 5 ನಿಮಿಷ ಓಟ, 2 ನಿಮಿಷ ವಿಶ್ರಾಂತಿ ಎಂದು ಬರೆದಿರುತ್ತದೆ, ಅದನ್ನು ಪಾಲಿಸಿ. ಶೇಂಗಾವನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಬ್ಲೇಡ್ ಹಿಡಿಯುತ್ತದೆ. ಹೂರಣ ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ, ಬಿಸಿಯದನ್ನು ಹಾಕಿದರೆ ಆವಿ ಮುಚ್ಚಳ ಹಾರಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕುತೊಗಲು ಸ್ವಲ್ಪ ಹಸಿಯಿದ್ದರೂ ಬ್ಲೇಡ್‌ಗೆ ಸುತ್ತಿಕೊಳ್ಳುತ್ತದೆ. ಬಿಸಿಲಲ್ಲಿ ಗರಿಗರಿ ಒಣಗಿಸಿ, ತೊಟ್ಟು ತೆಗೆದು, ಮುರಿದು ಹಾಕಿ. ವರ್ಷದ ಖಾರವನ್ನಂತೂ ಗಿರಣಿಗೇ ಕೊಡಿ.

ರಿಪೇರಿಯಾದ ಮೊದಲ ವಾರ ಯಂತ್ರದ ಕೆಳಗೆ ಒಂದು ಹಳೆಯ ವೃತ್ತಪತ್ರಿಕೆ ಹಾಸಿಡಿ. ಅದರ ಮೇಲೆ ನೀರಿನ ಕಲೆ ಬಿದ್ದರೆ ಜಾರಿನ ವಾಷರ್, ಎಣ್ಣೆಯ ಕಲೆ ಬಿದ್ದರೆ ಬೇರಿಂಗ್‌ಗೆ ಬಿಟ್ಟ ಹನಿ ಹೆಚ್ಚಾಗಿದೆ, ಕಪ್ಪು ಪುಡಿ ಉದುರಿದ್ದರೆ ಕಾರ್ಬನ್ ಸರಿಯಾಗಿ ಕೂತಿಲ್ಲ.